‘ಯೆಸ್’ ಬರಿ ಅಂದರೆ ಮಗಳು ಬರೀ ಎಸ್ ಬರೆದಿದ್ದಾಳೆ. ಫೋನಿಕ್ಸ್ ಸರಿಯೋ, ಎಬಿಸಿಡಿ ಸರಿಯೋ?

ಪುಟ್ಟಿ ಅಮ್ಮ, ಮೈಸೂರು
ಎಲ್ಲರಿಗೂ ನಮಸ್ಕಾರ. ಮಗಳು ಯುಕೆಜಿ. ಎರಡು ವಾರದಿಂದ ಮನೆಯಲ್ಲಿ ಒಂದೇ ಜಗಳ. ಶಾಲೆಯವರು ‘ಅಕ್ಷರದ ಹೆಸರು ಹೇಳಿಕೊಡಬೇಡಿ, ಸದ್ದು ಮಾತ್ರ ಹೇಳಿಕೊಡಿ’ ಅಂತ ಚೀಟಿ ಕಳಿಸಿದ್ದಾರೆ. ಎಸ್ ಅನ್ನಬಾರದಂತೆ, ಹಾವಿನ ಹಾಗೆ ‘ಸ್ಸ್’ ಅನ್ನಬೇಕಂತೆ. ಇದಕ್ಕೇ ಫೋನಿಕ್ಸ್ ಅಂತಾರಂತೆ. ನಮ್ಮತ್ತೆ ಕೇಳುತ್ತಾರಾ? ಸಂಜೆ ದೀಪ ಹಚ್ಚಿದ ಮೇಲೆ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ‘ಸಿ-ಎ-ಟಿ ಕ್ಯಾಟ್, ಕ್ಯಾಟ್ ಅಂದ್ರೆ ಬೆಕ್ಕು’ ಅಂತ ರಾಗವಾಗಿ ಶುರು ಮಾಡುತ್ತಾರೆ.

ನಿನ್ನೆ ಸುಮ್ನೆ ಹತ್ತು ಪದ ಡಿಕ್ಟೇಶನ್ ಕೊಟ್ಟೆ. ‘ಯೆಸ್’ ಅಂದೆ. ಒಂದೇ ಒಂದು ಎಸ್ ಬರೆದು ಪೆನ್ಸಿಲ್ ಕೆಳಗಿಟ್ಟಳು. ಇಷ್ಟೇನಾ ಅಂದರೆ ‘ಅಮ್ಮಾ, ಯಸ್ ಅಂದ್ರೆ ಇದೇ ಅಲ್ವಾ’ ಅಂತ ನನಗೇ ಪ್ರಶ್ನೆ. ‘ಎಗ್’ಗೆ ವೈ-ಜಿ. ‘ಕ್ಯಾಟ್’ಗೆ ಕೆ-ಟಿ. ‘ವಿಂಡೋ’ ಶುರುವಾಗಿದ್ದೇ ವೈ ಇಂದ. ಸದ್ದು, ಹೆಸರು ಎರಡೂ ಕಲಸಿ ಚಿತ್ರಾನ್ನ ಆಗಿದೆ. ಯಾವುದನ್ನು ನಿಲ್ಲಿಸಲಿ? ಅತ್ತೆಯನ್ನು ನಿಲ್ಲಿಸೋದು ಮಾತ್ರ ನನ್ನ ಕೈಲಿ ಆಗಲ್ಲ.

ತುಮಕೂರಿನವ
ಅಜ್ಜಿ ಸರಿ. ಚರ್ಚೆ ಮುಗೀತು.

ಬಳಪ
ನಾವೆಲ್ಲ ಎಬಿಸಿಡಿ ಹೇಳಿಯೇ ಕಲಿತದ್ದು. ನನ್ನಪ್ಪ ಐದನೇ ಕ್ಲಾಸಿನ ತನಕ ಇಂಗ್ಲಿಷ್ ಮುಖವನ್ನೇ ನೋಡಿರಲಿಲ್ಲ, ಆಮೇಲೆ ಬ್ಯಾಂಕಿನಲ್ಲಿ ಡ್ರಾಫ್ಟಿಂಗ್ ಮಾಡಿ ನಿವೃತ್ತರಾದರು. ಈ ಫೋನಿಕ್ಸ್ ಎಲ್ಲ ಫೀಸು ಏರಿಸೋಕೆ ಒಂದು ನೆಪ ಅಷ್ಟೆ.

ಒಂದನೇ ಕ್ಲಾಸ್ ಮಿಸ್
ಬಳಪ ಸರ್, ನಿಮ್ಮ ತಂದೆಯವರು ಕಲಿತರು ಸರಿ. ಅವರ ಜೊತೆ ಕೂತಿದ್ದವರಲ್ಲಿ ಎಷ್ಟು ಜನ ಇಂಗ್ಲಿಷ್ ಒಂದರಲ್ಲೇ ಫೇಲಾಗಿ ಶಾಲೆ ಬಿಟ್ಟರು ಅಂತ ಒಮ್ಮೆ ಕೇಳಿ ನೋಡಿ.

ಪುಟ್ಟಿ ಅಮ್ಮ, ಖಾಸಗಿ ಶಾಲೆಯಲ್ಲಿ ಹನ್ನೊಂದು ವರ್ಷದಿಂದ ಚಿಕ್ಕ ಮಕ್ಕಳಿಗೆ ಪಾಠ ಮಾಡುತ್ತಿದ್ದೇನೆ. ಶಾಲೆಯವರ ಲೆಕ್ಕ ಇಷ್ಟು. ಇಂಗ್ಲಿಷಿನಲ್ಲಿ ಅಕ್ಷರ 26, ಸದ್ದು ಸುಮಾರು 44. ಸಿ-ಎ-ಟಿ ಅಂತ ಹೆಸರು ಹೇಳಿ ಬೇಗ ಬೇಗ ಕೂಡಿಸಿದರೆ ‘ಸಿಎಟಿ’ ಆಗುತ್ತೆ ಹೊರತು ‘ಕ್ಯಾಟ್’ ಆಗಲ್ಲ. ಸದ್ದು ಹೇಳಿ ಕೂಡಿಸಿದರೆ ಆಗುತ್ತೆ. ಅದಕ್ಕೇ ಎ, ಬಿ, ಸಿ ಕ್ರಮವನ್ನೂ ಬಿಟ್ಟು ಎಸ್, ಎ, ಟಿ, ಪಿ, ಐ, ಎನ್ ಇಂದ ಶುರು ಮಾಡುತ್ತೇವೆ. ಆರು ಅಕ್ಷರ ಬಂದರೆ ಸಾಕು, ಮಗು ಟ್ಯಾಪ್, ಪಿನ್, ಪ್ಯಾನ್, ಟಿನ್ ಅಂತ ತಾನೇ ಓದುತ್ತೆ. ಎ-ಬಿ-ಸಿ-ಡಿ-ಇ-ಎಫ್ ಆರರಲ್ಲಿ ಅಷ್ಟು ಪದ ಮಾಡೋಕೆ ಹೋಗಿ ನೋಡಿ.

ಆದರೆ ಒಂದು ಎಚ್ಚರ. ನಮ್ಮ ಎಷ್ಟೋ ಟೀಚರ್‌ಗಳು ಸದ್ದು ಅಂದುಕೊಂಡು ‘ಬ’, ‘ಕ’, ‘ಟ’ ಅಂತ ಹೇಳಿಕೊಡುತ್ತಾರೆ. ಅದು ತಪ್ಪು. ಬಾಲಕ್ಕೆ ಒಂದು ‘ಅ’ ಅಂಟಿಕೊಂಡಿರುತ್ತೆ. ಕ-ಆ್ಯ-ಟ ಕೂಡಿಸಿದರೆ ‘ಕಆ್ಯಟ’, ಬೆಕ್ಕು ಎಲ್ಲೂ ಕಾಣಲ್ಲ. ಕ್, ಆ್ಯ, ಟ್ ಅನ್ನಬೇಕು.

ಹುಬ್ಬಳ್ಳಿ ಮಾವ
ಅಲ್ರೀ ಮಿಸ್, ‘ಕ್ + ಅ = ಕ’ ಅಂತ ನಾವು ಎರಡನೇತ್ತೆಯಲ್ಲೇ ಬರೀತಿದ್ವಿ. ಕ್ + ಆ = ಕಾ, ಕ್ + ಇ = ಕಿ. ಇದಕ್ಕ ಕಾಗುಣಿತ ಅಂತಿದ್ರು. ಈಗ ಅದನ್ನೇ ಫೋನಿಕ್ಸ್ ಅಂತ ಹೆಸರಿಟ್ಟು ನಮಗೇ ಮಾರ್ತಾರೇನು?

ತುಮಕೂರಿನವ
ಮಾವ ಸಿಕ್ಸರ್ 😄

ನಿವೃತ್ತ ಮೇಷ್ಟ್ರು
ಹುಬ್ಬಳ್ಳಿಯವರ ಮಾತಿನಲ್ಲಿ ಅರ್ಧ ನಿಜ ಇದೆ. ಕನ್ನಡದಲ್ಲಿ ಅಕ್ಷರದ ಹೆಸರೇ ಅದರ ಸದ್ದು. ‘ಗ’ಕ್ಕೆ ಬೇರೆ ಹೆಸರಿಲ್ಲ. ಹಾಗಾಗಿ ‘ಹೆಸರೋ ಸದ್ದೋ’ ಅನ್ನುವ ಜಗಳವೇ ನಮ್ಮಲ್ಲಿ ಹುಟ್ಟಲಿಲ್ಲ. ಆದರೆ ಕನ್ನಡದ ಮಗು ಮೊದಲು ಕೇಳಿಸಿಕೊಳ್ಳುವುದು ಇಡೀ ಅಕ್ಷರವನ್ನು. ‘ಕ’ ಅನ್ನುವುದು ಅದಕ್ಕೆ ಒಂದೇ ತುಂಡು. ಅದನ್ನು ಕ್ ಮತ್ತು ಅ ಅಂತ ಒಡೆಯುವುದು ಎಷ್ಟೋ ತಡವಾಗಿ ಬರುತ್ತದೆ. ಮಕ್ಕಳ ಕನ್ನಡ ಓದಿನ ಬಗ್ಗೆ ಸಂಶೋಧಕಿ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಇದೇ ಮಾತಿದೆ. ಇಂಗ್ಲಿಷ್ ಮಾತ್ರ ಸದ್ದನ್ನು ಮೊದಲ ದಿನವೇ ಒಡೆಯಿರಿ ಅನ್ನುತ್ತದೆ.

ಇನ್ನು ಎಸ್-ಎ-ಟಿ-ಪಿ ಕ್ರಮದ ವಿಷಯ. ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಯಿತಲ್ಲ, ಅದರಲ್ಲೂ ಅ ಆ ಇ ಈ ಇಂದ ಶುರು ಇಲ್ಲ. ಮೊದಲು ರ, ಗ, ಸ, ದ, ಅ. ಆಮೇಲೆ ಜ, ವ, ಮ, ಬ, ನ. ಐದೇ ಅಕ್ಷರಕ್ಕೆ ಸರ, ರಸ, ದರ, ಅರಸ, ಅಗಸ. ನನ್ನ ಕ್ಲಾಸಿನಲ್ಲಿ ಒಬ್ಬ ಬಡಗಿಯ ಮಗ ಇದ್ದ. ತಟ್ಟೆಯಿಂದ ಕಾರ್ಡು ಎತ್ತಿ ಎತ್ತಿ ಜೋಡಿಸುತ್ತಾ ಕೂತಿದ್ದ. ಗ, ರ, ಗ, ಸ. ತುಟಿ ಅಲ್ಲಾಡಿಸಿ ಎರಡು ಸಲ ಓದಿದ. ‘ಸಾ, ಗರಗಸ! ನಮ್ಮನೇಲೈತೆ!’ ಅಂತ ಎದ್ದು ನಿಂತುಬಿಟ್ಟ. ಶಾಲೆಗೆ ಸೇರಿ ಎರಡು ತಿಂಗಳೂ ಆಗಿರಲಿಲ್ಲ. ಅ ಆ ಇ ಈ ಇಂದ ಹೋಗಿದ್ದರೆ ಅವನು ಅಷ್ಟು ಹೊತ್ತಿಗೆ ‘ಅಃ’ದಲ್ಲೇ ನಿಂತಿರುತ್ತಿದ್ದ.

ಬಳಪ
ಮೇಷ್ಟ್ರೇ, ಗೌರವದಿಂದಲೇ ಹೇಳುತ್ತೇನೆ. ನಲಿ-ಕಲಿ ಮಕ್ಕಳಿಗೆ ವರ್ಣಮಾಲೆ ಸಾಲಾಗಿ ಹೇಳೋಕೆ ಬರಲ್ಲ ಅನ್ನೋ ದೂರು ನಮ್ಮ ಊರಲ್ಲೂ ಇತ್ತು. ನಿಘಂಟು ನೋಡೋದು ಹೇಗೆ?

ನಿವೃತ್ತ ಮೇಷ್ಟ್ರು
ಓದಲು ಬಂದ ಮೇಲೆ ಸಾಲು ಕಲಿಯುವುದು ಒಂದು ವಾರದ ಕೆಲಸ ಸ್ವಾಮಿ. ಸಾಲು ಬಂದು ಓದಲು ಬಾರದವರನ್ನು ನಾನು ಬಹಳ ನೋಡಿದ್ದೇನೆ.

ಥೇಮ್ಸ್ ದಂಡೆ
ನಾವು ಇಂಗ್ಲೆಂಡಿನಲ್ಲಿ ಇರೋದು. ಊರಿನ ಹೆಸರೇ ಫೋನಿಕ್ಸಿಗೆ ಬಗ್ಗಲ್ಲ. ಬರೆಯೋದು ‘ರೀಡಿಂಗ್’ ಅನ್ನೋ ಪದದ ಹಾಗೇ, ಕರೆಯೋದು ‘ರೆಡಿಂಗ್’. ಮಗ ಆರು ತಿಂಗಳು ‘ಬುಕ್ ರೆಡಿಂಗ್’ ಮಾಡುತ್ತಿದ್ದ.

ಇಲ್ಲಿ ಓದು ಕಲಿಸುವ ಬಗ್ಗೆ ಸರ್ಕಾರಕ್ಕೆ ಕೊಟ್ಟ 2006ರ ರೋಸ್ ವರದಿ ಆದ ಮೇಲೆ ಎಲ್ಲ ಸರ್ಕಾರಿ ಶಾಲೆಯಲ್ಲೂ ಫೋನಿಕ್ಸೇ. 2012ರಿಂದ ಇಯರ್ ಒನ್ (ಐದಾರು ವರ್ಷದ) ಮಕ್ಕಳಿಗೆ ಜೂನ್‌ನಲ್ಲಿ ಒಂದು ಪರೀಕ್ಷೆ ಇಡುತ್ತಾರೆ. 40 ಪದ. ಅದರಲ್ಲಿ 20 ನಿಜವಾದ ಪದ, 20 ಅರ್ಥವೇ ಇಲ್ಲದ್ದು. ಅರ್ಥವಿಲ್ಲದ್ದರ ಪಕ್ಕ ಒಂದು ಏಲಿಯನ್ ಚಿತ್ರ ಇರುತ್ತೆ, ಇದು ಅದರ ಹೆಸರು ಅಂತ. ಬಾಯಿಪಾಠ ಮಾಡಿದ್ದಾನೋ, ಸದ್ದು ಕೂಡಿಸಿ ಓದುತ್ತಾನೋ ಅಂತ ಗೊತ್ತಾಗಲಿ ಅಂತ ಈ ಉಪಾಯ. ನಮ್ಮವನು ಮನೆಯಲ್ಲಿ ಅಭ್ಯಾಸ ಮಾಡುವಾಗ ಏಲಿಯನ್ ಹೆಸರನ್ನು ತನಗೆ ಗೊತ್ತಿರೋ ಪದಕ್ಕೆ ತಿರುಗಿಸಿ ಓದಿಬಿಡುತ್ತಿದ್ದ. ಹಾಗಿಲ್ಲವಲ್ಲೋ ಅಂದರೆ ‘ಅದರ ಹೆಸರು ತಪ್ಪಾಗಿ ಬರೆದಿದ್ದಾರೆ’ ಅನ್ನುತ್ತಿದ್ದ!

ಪುಟ್ಟಿ ಅಮ್ಮ, ನಿಮಗೆ ಬೇಕಾದ ವಿಷಯ ಇದು. ಫೋನಿಕ್ಸ್ ಕಡ್ಡಾಯ ಮಾಡಿದ ಇದೇ ದೇಶದ ಪಠ್ಯಕ್ರಮದಲ್ಲಿ, ಇಯರ್ ಒನ್ ಸ್ಪೆಲಿಂಗ್ ಭಾಗದಲ್ಲೇ, ಅಕ್ಷರದ ಹೆಸರುಗಳನ್ನು ಕ್ರಮವಾಗಿ ಕಲಿಸಬೇಕು ಅಂತಿದೆ. ಒಂದೇ ಸದ್ದನ್ನು ಎರಡು ಮೂರು ಥರ ಬರೆಯಬಹುದಲ್ಲ, ಯಾವುದು ಅಂತ ಹೇಳೋಕೆ ಹೆಸರು ಬೇಕೇ ಬೇಕು. ‘ಕ್’ ಬರಿ ಅಂದರೆ ಮಗು ‘ಯಾವ ಕ್? ಸಿ ನಾ, ಕೆ ನಾ, ಸಿಕೆ ನಾ?’ ಅಂತ ಕೇಳುತ್ತೆ. ಉತ್ತರ ಹೇಗೆ ಕೊಡ್ತೀರಾ? ಓದೋಕೆ ಸದ್ದು, ಸ್ಪೆಲಿಂಗ್ ಹೇಳೋಕೆ ಹೆಸರು. ‘ಹೆಸರೇ ಬೇಡ’ ಅನ್ನೋದು ನಿಮ್ಮ ಶಾಲೆಯವರು ತಾವೇ ಸೇರಿಸಿಕೊಂಡದ್ದು.

ಪುಟ್ಟಿ ಅಮ್ಮ, ಮೈಸೂರು
ಅಯ್ಯೋ ಅಕ್ಕ, ಇದನ್ನು ಅತ್ತೆಗೆ ಓದಿ ಹೇಳಿಬಿಟ್ಟೆ. ತಪ್ಪು ಮಾಡಿದೆ. ಬೆಳಗಿನಿಂದ ‘ಇಂಗ್ಲೆಂಡಿನವರೇ ಒಪ್ಪಿಕೊಂಡಿದ್ದಾರೆ’ ಅಂತ ಓಡಾಡುತ್ತಿದ್ದಾರೆ.

ಪದಕೋಶ
ಮಗು ‘ತಪ್ಪು’ ಬರೆದಿಲ್ಲ, ಲೆಕ್ಕ ಹಾಕಿ ಬರೆದಿದೆ. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ಇಂಗ್ಲಿಷ್ ಅಕ್ಷರದ ಹೆಸರಲ್ಲಿ ಮೂರು ಜಾತಿ. ಬಿ, ಡಿ, ಪಿ, ಟಿ, ಕೆ, ಜೆ ಇವುಗಳ ಸದ್ದು ಹೆಸರಿನ ಮೊದಲಲ್ಲೇ ಇದೆ. ಎಫ್, ಎಲ್, ಎಂ, ಎನ್, ಆರ್, ಎಸ್ ಇವುಗಳದ್ದು ಹೆಸರಿನ ಕೊನೆಯಲ್ಲಿ. ಎಚ್, ಡಬ್ಲ್ಯೂ, ವೈ ಹೆಸರಿನಲ್ಲಿ ಅವುಗಳ ಸದ್ದೇ ಇಲ್ಲ. ವೈ ಹೆಸರು ಶುರುವಾಗೋದು ‘ವ’ದಿಂದ. ಅದಕ್ಕೇ ಪುಟ್ಟಿ ‘ವಿಂಡೋ’ಗೆ ವೈ ಹಾಕಿದ್ದಾಳೆ. ಇಂಗ್ಲಿಷ್ ಮನೆಮಾತಿನ ಮಕ್ಕಳೂ ಇದೇ ತಪ್ಪು ಮಾಡುತ್ತಾರೆ.

ಇನ್ನು ಯೆಸ್. ಇದು ಅಪ್ಪಟ ನಮ್ಮದು. ಕನ್ನಡದಲ್ಲಿ ಪದದ ಮೊದಲಿಗೆ ‘ಎ’ ಬಂದರೆ ಬಾಯಲ್ಲಿ ಒಂದು ‘ಯ’ ತಾನಾಗಿ ನುಸುಳುತ್ತೆ. ಎಲ್ಲಿ ಅನ್ನೋದು ಯೆಲ್ಲಿ, ಎಮ್ಮೆ ಅನ್ನೋದು ಯೆಮ್ಮೆ. ಹಾಗೇ ಎಸ್ ಅನ್ನೋದು ‘ಯಸ್’, ಎಂಎಲ್‌ಎ ಅನ್ನೋದು ‘ಯಮ್ಮೆಲ್ಲೆ’. ಅಜ್ಜಿ ಎಸ್ ಅನ್ನೋದನ್ನು ‘ಯಸ್’ ಅಂತಲೇ ಹೇಳಿಕೊಟ್ಟಿರುತ್ತಾರೆ. ಮಗು ‘ಯೆಸ್’ ಕೇಳಿದಾಗ, ಇದು ನನಗೆ ಗೊತ್ತಿರೋ ಅಕ್ಷರವೇ ಅಲ್ವಾ ಅಂದುಕೊಂಡಿದೆ. ಎಗ್‌ಗೆ ವೈ ಹಾಕಿದ್ದೂ ಅದೇ ಕಾರಣಕ್ಕೆ. ಕಿವಿ ಚುರುಕಾಗಿದೆ, ಖುಷಿಪಡಿ.

1971ರಲ್ಲಿ ಚಾರ್ಲ್ಸ್ ರೀಡ್ ಅನ್ನುವವರು, ಶಾಲೆಗೆ ಹೋಗುವ ಮೊದಲೇ ತಾವಾಗಿ ಬರೆಯೋಕೆ ಶುರು ಮಾಡಿದ ಅಮೆರಿಕದ ಮಕ್ಕಳ ಸ್ಪೆಲಿಂಗ್ ಬಗ್ಗೆ ಬರೆದರು. ಆ ಮಕ್ಕಳು ‘ಟ್ರಕ್’ ಅನ್ನು ಸಿ-ಎಚ್-ಆರ್ ಇಂದ ಶುರು ಮಾಡುತ್ತಿದ್ದರು. ಅವರ ಬಾಯಲ್ಲಿ ಅದು ‘ಚ್ರಕ್’ ಅಂತ ಕೇಳುತ್ತೆ. ನಮ್ಮ ಮಕ್ಕಳು ಆ ತಪ್ಪು ಮಾಡಲ್ಲ, ನಮ್ಮ ‘ಟ’ ಗಟ್ಟಿ ಟ. ಎಲ್ಲಾ ಕಡೆಯ ಮಕ್ಕಳೂ ತಮ್ಮ ಮನೆಯ ಉಚ್ಚಾರವನ್ನೇ ಬರೆಯುತ್ತಾರೆ.

ಹುಬ್ಬಳ್ಳಿ ಮಾವ
ಎಚ್ ಹೆಸರಿನಾಗ ಸದ್ದಿಲ್ಲ ಅಂದ್ರಲ್ಲ. ನಾವು ಹೆಚ್ ಅಂತೀವಿ. ಹೆಚ್‌ದಾಗ ಹ ಐತಿ. ಹಂಗಾರ ನಮ್ಮದೇ ಸರಿ!

ಪದಕೋಶ
ಮಾವ, ಶಾಸ್ತ್ರೀಯವಾಗಿ ‘ಎಚ್’ ಸರಿ. ಆದರೆ ಮಗುವಿಗೆ ಕಲಿಸೋ ದೃಷ್ಟಿಯಲ್ಲಿ ನಿಮ್ಮ ಹೆಚ್ ಹೆಚ್ಚು ಉಪಯೋಗ. ಐರ್ಲೆಂಡಿನಲ್ಲೂ ಬಹಳ ಜನ ಹೆಚ್ ಅಂತಲೇ ಅನ್ನುತ್ತಾರೆ.

ತುಮಕೂರಿನವ
ನಮ್ಮ ಇಂಗ್ಲಿಷ್ ಮೇಷ್ಟ್ರು ಕೊನೆಯ ಅಕ್ಷರವನ್ನು ‘ಇಜಡ್’ ಅನ್ನುತ್ತಿದ್ದರು. ಎಕ್ಸ್, ವೈ, ಇಜಡ್. ಕಾಲೇಜಿಗೆ ಬಂದು ಝಡ್ ಅಂತ ಕೇಳಿದಾಗ 27ನೇ ಅಕ್ಷರ ಒಂದಿದೆ ಅಂದುಕೊಂಡೆ. ಈ ಇಜಡ್‌ನಲ್ಲಿ ‘ಇ’ ಎಲ್ಲಿಂದ ಬಂತು? ಯಾರಿಗಾದರೂ ಗೊತ್ತಾ?

ಅಟ್ಲಾಂಟಿಕ್ ಆಚೆ
ನಮ್ಮ ಅಮೆರಿಕದಲ್ಲಿ ಅದು ಝೀ. ಊರಿಂದ ಅಪ್ಪ ಬಂದಾಗ ಮೊಮ್ಮಗನ ಜೊತೆ ಎಬಿಸಿ ಹಾಡಿ ಕೊನೆಯಲ್ಲಿ ಝಡ್ ಅಂದರು. ‘ತಾತಾ, ಪ್ರಾಸ ಕೆಡಿಸಿದೆ’ ಅಂತ ಹುಡುಗ ಅತ್ತುಬಿಟ್ಟ.

ಹೆಸರಿನ ಪರ ಒಂದು ಮಾತು. ಇಲ್ಲಿ ಸ್ಪೆಲಿಂಗ್ ಬೀ (ಮಕ್ಕಳು ಪದದ ಅಕ್ಷರ ಬಿಡಿಸಿ ಹೇಳೋ ಸ್ಪರ್ಧೆ) ನೋಡಿದ್ದೀರಲ್ಲ, ಅಲ್ಲಿ ಪೂರ್ತಿ ಅಕ್ಷರದ ಹೆಸರೇ. 1985ರಲ್ಲಿ ಬಾಲು ನಟರಾಜನ್ ಗೆದ್ದಾಗ ಅವರು ಬಿಡಿಸಿ ಹೇಳಿದ ಪದ ‘ಮಿಲ್ಯೂ’. ಎಂ-ಐ-ಎಲ್-ಐ-ಇ-ಯು. ಇದನ್ನು ಯಾವ ಸದ್ದು ಕೂಡಿಸಿ ಬರೆಯೋದು? ಅದಕ್ಕೇ ಆ ಮಕ್ಕಳು ‘ಈ ಪದ ಯಾವ ಭಾಷೆಯಿಂದ ಬಂತು’ ಅಂತ ಕೇಳುತ್ತಾರೆ. ಫ್ರೆಂಚ್ ಅಂದರೆ ಒಂದು ಲೆಕ್ಕ, ಗ್ರೀಕ್ ಅಂದರೆ ಇನ್ನೊಂದು. 2019ರಲ್ಲಂತೂ ಪದ ಕೊಟ್ಟು ಕೊಟ್ಟು ಸುಸ್ತಾಗಿ ಎಂಟು ಮಕ್ಕಳಿಗೆ ಒಟ್ಟಿಗೆ ಬಹುಮಾನ ಕೊಟ್ಟರು.

ಬಳಪ
ಅದನ್ನೇ ನಾನು ಹೇಳಿದ್ದು. ಬಾಯಿಪಾಠ!

ಅಟ್ಲಾಂಟಿಕ್ ಆಚೆ
ಬಾಯಿಪಾಠ ಅಲ್ಲ ಸರ್, ಬೇರು ಹುಡುಕೋದು. ಎರಡಕ್ಕೂ ವ್ಯತ್ಯಾಸ ಇದೆ.

ಪದಕೋಶ
ಇಂಗ್ಲಿಷ್ ಹೀಗೆ ಹದಗೆಟ್ಟಿದ್ದಕ್ಕೆ ಕಾರಣ ಇದೆ. ಒಂದು ಕಾಲಕ್ಕೆ ಅವರ ಎ ನಮ್ಮ ‘ಆ’ ಥರವೇ ಇತ್ತು, ಐ ನಮ್ಮ ‘ಈ’ ಥರ. ಯೋಧ ಅನ್ನೋ ಅರ್ಥದ ‘ನೈಟ್’ ಪದದ ಮೊದಲಿನ ಕೆ ಕೂಡ ಬಾಯಲ್ಲಿ ಆಡುತ್ತಿತ್ತು. 1476ರಲ್ಲಿ ಕ್ಯಾಕ್ಸ್‌ಟನ್ ಅನ್ನುವವನು ಇಂಗ್ಲೆಂಡಿನ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಅಚ್ಚುಕೂಟ ಹಾಕಿದ. ಬರವಣಿಗೆ ನಿಧಾನಕ್ಕೆ ಗಟ್ಟಿಯಾಗುತ್ತಾ ಹೋಯಿತು. ಉಚ್ಚಾರ ಮಾತ್ರ ತನ್ನ ಪಾಡಿಗೆ ಬದಲಾಗುತ್ತಾ ಹೋಯಿತು. ಹಳೇ ಅಂಗಿ, ಬೆಳೆದ ಮೈ.

ಎಲ್ಲರ ಕನ್ನಡ
ಕನ್ನಡದಲ್ಲಿ ಮಾತ್ರ ಎಲ್ಲ ಸರಿ ಇದೆ ಅನ್ನೋ ಹಾಗೆ ಮಾತಾಡ್ತಿದ್ದೀರಲ್ಲ. ನಮ್ಮಲ್ಲೂ ಬರೆಯೋದೊಂದು, ಹೇಳೋದೊಂದು. ಮಹಾಪ್ರಾಣ ಎಷ್ಟು ಜನ ಉಚ್ಚರಿಸುತ್ತಾರೆ? ಷ ಮತ್ತು ಶ ಬೇರೆ ಮಾಡಿ ಹೇಳೋರು ಯಾರು? ಭಾಷಾ ವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ಈ ಅಕ್ಷರಗಳನ್ನೇ ಕೈಬಿಡಿ ಅಂದರು. ಬಿಟ್ಟಿದ್ದರೆ ಮಕ್ಕಳಿಗೆ ಅರ್ಧ ಭಾರ ಇಳೀತಿತ್ತು.

ನಿವೃತ್ತ ಮೇಷ್ಟ್ರು
ಇಳಿಯುತ್ತಿತ್ತು. ಆಮೇಲೆ ಆ ಮಗು ಹಳೆಯ ಒಂದು ಪುಸ್ತಕವನ್ನೂ ಸಲೀಸಾಗಿ ಓದಲಾರದೆ ಕೂರುತ್ತಿತ್ತು.

ಎಲ್ಲರ ಕನ್ನಡ
ಈಗ ಓದುತ್ತಿದೆಯಾ ಮೇಷ್ಟ್ರೇ?

ಹುಬ್ಬಳ್ಳಿ ಮಾವ
ಜಗಳಾ ಹಚ್ಚಬ್ಯಾಡ್ರಿ. ಅಕಾರ-ಹಕಾರದ ಗೊಂದಲದ ಬಗ್ಗೆನೂ ಮಾತಾಡಬ್ಯಾಡ್ರಿ, ಅದು ಶುರುವಾದ್ರ ರಾತ್ರಿಯಾಗ್ತದ.

ಪುಟ್ಟಿ ಅಮ್ಮ, ಮೈಸೂರು
ದಯವಿಟ್ಟು ನನ್ನ ಮಗಳ ಯುಕೆಜಿಗೆ ವಾಪಸ್ ಬನ್ನಿ 🙏

ಹಳ್ಳಿ ಶಾಲೆ
ನಾನು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಇದ್ದೇನೆ. 2007ರಿಂದ ನಮ್ಮಲ್ಲೂ ಒಂದನೇ ತರಗತಿಯಿಂದ ಇಂಗ್ಲಿಷ್ ಒಂದು ಭಾಷೆಯಾಗಿ ಇದೆ. ಇಲ್ಲಿನ ಕಥೆ ಬೇರೆ. ನಮ್ಮ ಮಕ್ಕಳಿಗೆ ಕನ್ನಡ ಓದೋಕೆ ಆಗಲೇ ಬಂದಿರುತ್ತೆ, ಇಂಗ್ಲಿಷನ್ನು ಕನ್ನಡದ ಕಣ್ಣಲ್ಲೇ ನೋಡುತ್ತಾರೆ. ಕಳೆದ ವರ್ಷ ‘ಬ್ಯಾಗ್’ ಬರೆಯಿರಿ ಅಂದೆ. ಮುಂದಿನ ಸಾಲಿನ ಮೂವರೂ ಬಿ-ವೈ-ಎ-ಜಿ ಬರೆದಿದ್ದರು. ಕಾಪಿ ಹೊಡೆದಿದ್ದಾರೆ ಅಂತ ಗದರಿದೆ. ಒಬ್ಬಳು ಎದ್ದು ನಿಂತು ‘ಟೀಚರ್, ಬ-ಕ್ಕೆ ಯ ಒತ್ತು ಇದೆಯಲ್ಲ’ ಅಂದಳು. ಬೋರ್ಡಿನ ಮೇಲೆ ಕನ್ನಡದಲ್ಲಿ ‘ಬ್ಯಾಗ್’ ಅಂತ ಬರೆದವಳು ನಾನೇ. ಯ ಒತ್ತು ನನ್ನದೇ ತಪ್ಪು!

ಅವತ್ತಿನಿಂದ ಇಂಗ್ಲಿಷ್ ಪದವನ್ನು ಕನ್ನಡ ಲಿಪಿಯಲ್ಲಿ ಬರೆದು ತೋರಿಸೋದು ಬಿಟ್ಟೆ. ಬಾಯಲ್ಲಿ ಹೇಳುತ್ತೇನೆ, ಕೈಬೆರಳಲ್ಲಿ ಸದ್ದು ಎಣಿಸುತ್ತೇವೆ. ಬ್, ಆ್ಯ, ಗ್. ಮೂರು ಬೆರಳು, ಮೂರು ಅಕ್ಷರ. ಕಿಟ್ಟು ಪಟ್ಟು ಏನೂ ಬೇಡ.

ಗೃಹಿಣಿ ಅಲ್ಲದ ಗೃಹಿಣಿ
ಕಿಟ್ ಅಂದಾಗ ನೆನಪಾಯಿತು. ಹೆಸರು ಹೇಳಲ್ಲ, ಬಡಾವಣೆಯ ಒಂದು ಫೋನಿಕ್ಸ್ ಕ್ಲಾಸಿಗೆ ಮಗನನ್ನು ಮೂರು ತಿಂಗಳು ಕಳಿಸಿದೆ. ಚಪ್ಪಾಳೆ, ಕುಣಿತ, ಫೋಟೋ ಎಲ್ಲ ಆಯಿತು. ಕೊನೆಗೆ ಫ್ರೇಮ್ ಹಾಕಿ ಸರ್ಟಿಫಿಕೇಟ್ ಕೊಟ್ಟರು. ಅದರಲ್ಲಿ ನನ್ನ ಮಗನ ಹೆಸರಿನ ಸ್ಪೆಲಿಂಗೇ ತಪ್ಪು.

ತುಮಕೂರಿನವ
ಬಿದ್ದು ಬಿದ್ದು ನಗ್ತಿದ್ದೀನಿ. ಗೋಡೆಗೆ ಹಾಕಿದ್ರಾ?

ಗೃಹಿಣಿ ಅಲ್ಲದ ಗೃಹಿಣಿ
ಹಾಕಿದ್ದೀವಿ. ಬಂದವರಿಗೆಲ್ಲ ತೋರಿಸ್ತೀವಿ.

ಒಂದನೇ ಕ್ಲಾಸ್ ಮಿಸ್
ಹಳ್ಳಿ ಶಾಲೆಯವರ ಬೆರಳು ಎಣಿಕೆಯನ್ನು ನಾಳೆಯೇ ನನ್ನ ಕ್ಲಾಸಲ್ಲಿ ಮಾಡುತ್ತೇನೆ.

ಹೆಸರು ಬೇಡವೇ ಬೇಡ ಅನ್ನೋದನ್ನು ನಾನೂ ಒಪ್ಪಲ್ಲ. ‘ಕೇಕ್’ ಪಾಠ ಮಾಡುವಾಗ ಕೊನೆಯ ಇ ಸುಮ್ಮನಿರುತ್ತೆ, ಮಧ್ಯದ ಎ ತನ್ನ ಹೆಸರನ್ನೇ ಹೇಳುತ್ತೆ ಅಂತ ಹೇಳಿಕೊಡುತ್ತೇವೆ. ಹೆಸರೇ ಗೊತ್ತಿಲ್ಲದ ಮಗುವಿಗೆ ‘ತನ್ನ ಹೆಸರು ಹೇಳುತ್ತೆ’ ಅಂದರೆ ಏನು ಅರ್ಥ ಆಗಬೇಕು? ಪುಟ್ಟಿ ಅಮ್ಮ, ಅಜ್ಜಿಯನ್ನು ನಿಲ್ಲಿಸಬೇಡಿ. ಎಸ್ ಅಂದ ಮೇಲೆ ‘ಎಸ್ ಹೇಗೆ ಕೂಗುತ್ತೆ?’ ಅಂತ ಒಂದು ಪ್ರಶ್ನೆ ಸೇರಿಸೋಕೆ ಹೇಳಿ. ಹಸುವಿನ ಹೆಸರು ಹಸು, ಕೂಗೋದು ಅಂಬಾ. ಮಕ್ಕಳಿಗೆ ಇದು ಚೆನ್ನಾಗಿ ಗೊತ್ತು.

ಪುಟ್ಟಿ ಅಮ್ಮ, ಮೈಸೂರು
ಮೂರು ವಾರ ಆಯ್ತು, ಸುದ್ದಿ ಹೇಳೋಣ ಅಂತ ಬಂದೆ. ಹಸು-ಅಂಬಾ ಅತ್ತೆಗೆ ಬಹಳ ಹಿಡಿಸಿತು. ಈಗ ಸಂಜೆ ಸ್ಟೀಲ್ ತಟ್ಟೆಯಲ್ಲಿ ಅಕ್ಕಿ ಹರಡಿ, ಅಕ್ಷರಾಭ್ಯಾಸದ ಹಾಗೆ ಬೆರಳಲ್ಲಿ ಬರೆಸುತ್ತಾರೆ. ಹೆಸರು ಅಜ್ಜಿ ಹೇಳಬೇಕು, ಕೂಗೋದು ಮೊಮ್ಮಗಳು. ಎಂ ಬಂದಾಗ ಇಬ್ಬರೂ ಸೇರಿ ‘ಮ್ಮ್’ ಅಂತ ದುಂಬಿ ಥರ ಮಾಡುತ್ತಾರೆ. ನನ್ನವರು ಆಫೀಸ್ ಕಾಲ್‌ನಲ್ಲಿದ್ದಾಗಲೂ.

ನಿನ್ನೆ ಮತ್ತೆ ‘ಯೆಸ್’ ಬರಿ ಅಂದೆ. ಅಕ್ಕಿಯಲ್ಲಿ ವೈ ಬರೆದಳು, ಎಸ್ ಬರೆದಳು, ಕೈ ಒರೆಸಿಕೊಂಡಳು. ಮಧ್ಯದ ಇ ಎಲ್ಲಿ ಅಂದೆ. ಬೆರಳು ಇಟ್ಟು ತೋರಿಸಿದಳು. ‘ಇದು ಯ. ಇದು ಸ್. ಯಸ್. ಇನ್ನೇನು ಬೇಕು?’

ಪದಕೋಶ
ನಮ್ಮ ‘ಯ’ದೊಳಗೆ ಸ್ವರ ಮೊದಲೇ ಕೂತಿದೆ ಅಲ್ವಾ, ಇ ಯಾಕೆ ಬೇಕು ಅವಳಿಗೆ!

ನಿವೃತ್ತ ಮೇಷ್ಟ್ರು
ಈ ಮಗುವಿಗೆ ಕನ್ನಡ ಚೆನ್ನಾಗಿ ಬಂದಿದೆ ತಾಯಿ. ಇಂಗ್ಲಿಷಿಗೆ ಆರು ತಿಂಗಳು ಕೊಡಿ.

ತುಮಕೂರಿನವ
ಎಲ್ಲ ಸರಿ. ಇಜಡ್‌ಗೆ ಯಾರೂ ಉತ್ತರ ಕೊಡಲೇ ಇಲ್ಲ.